ನಲವತ್ತು ದಾಟಿತು, ಯಾವ ಅಂಗಡಿಗೆ ಹೋಗೋದು?

ಮಗಳ ಕುರ್ತಾ ಬಿಗಿ.
ಅಜ್ಜಿಯ ಸೀರೆ ಮಂಕು.
ಹಾಗಾದ್ರೆ ನಲವತ್ತೈದರ ನಾವು ಏನು ಹಾಕ್ಕೊಳ್ಳೋದು, ಅಕ್ಕಾ?

ಹೊಸೂರಿನವರಿಗೆ ಒಂದು ಅನುಕೂಲ ಇದೆ.
ಈ ಕಡೆ ತಮಿಳುನಾಡಿನ ಹತ್ತಿ,
ಆ ಕಡೆ ಕರ್ನಾಟಕದ ರೇಷ್ಮೆ.
ಬೆಂಗಳೂರಿನ ಚಿಕ್ಕಪೇಟೆ ಸುಮಾರು 40 ಕಿಲೋಮೀಟರ್, ಅಷ್ಟೇ.

ಮೊದಲು ಕೈಮಗ್ಗ ನೋಡಿ.
ಕೋ-ಆಪ್ಟೆಕ್ಸ್ ಗೊತ್ತಲ್ಲ?
ತಮಿಳುನಾಡಿನ ನೇಕಾರರ ಸಹಕಾರ ಸಂಘ.
1935ರಿಂದ ಇದೆ.
ಅಂಥ ಅಂಗಡೀಲಿ ಚೆಟ್ಟಿನಾಡು, ಮಧುರೆ ಸುಂಗುಡಿ ಹತ್ತಿ ಸೀರೆ ಕೇಳಿ.
ಚೆಟ್ಟಿನಾಡು ಗಟ್ಟಿ ನೇಯ್ಗೆ, ನೆರಿಗೆ ನೀಟಾಗಿ ನಿಲ್ಲುತ್ತೆ.
ಸುಂಗುಡಿ ಹಗುರ, ಸೆಕೆಗೆ ಹಿತ.
ಸೊಂಟ ತುಂಬಿಕೊಂಡಿದ್ಯಾ?
ಗಂಜಿ ಕಡಿಮೆ ಹಾಕಿ, ಸೀರೆ ಉಬ್ಬಲ್ಲ.

ಕುರ್ತಾ ಬೇಕಾ?
ಸೈಜ್ ಚೀಟಿ ನಂಬಬೇಡಿ, ಭುಜ ನೋಡಿ.
ಭುಜದ ಹೊಲಿಗೆ ಮನೆಗೆ ತೊಲೆ ಇದ್ದ ಹಾಗೆ.
ಅದು ಸರಿಯಾಗಿ ಕೂತ್ರೆ,
ಮಿಕ್ಕಿದ್ದನ್ನ ಟೈಲರ್ ನೋಡ್ಕೋತಾರೆ.

ಕುರ್ತಾ ತಿರುಗಿಸಿ, ಒಳಗೆ ನೋಡಿ.
ಪಕ್ಕದ ಹೊಲಿಗೇಲಿ ಒಂದಿಂಚು ಬಟ್ಟೆ ಬಿಟ್ಟಿದ್ದಾರಾ?
ಬಿಟ್ಟಿದ್ರೆ ಮುಂದೆ ಬಿಚ್ಚಿ ಸಡಿಲ ಮಾಡಿಸಬಹುದು.

ಟ್ರಯಲ್ ರೂಮಲ್ಲಿ ಸುಮ್ನೆ ನಿಲ್ಲಬೇಡಿ.
ಕೈ ಮೇಲೆತ್ತಿ.
ಕೂತು ನೋಡಿ.
ಕಂಕುಳ ಹಿಡೀತಾ? ಬೇಡ, ಬಿಡಿ.

ಬಣ್ಣಾನ ಬಾಗಿಲ ಬೆಳಕಲ್ಲೇ ನೋಡಿ.
ಅಂಗಡಿ ಲೈಟಿಗೆ ಎಲ್ಲಾ ಚೆಂದ!
ವಯಸ್ಸಾಯ್ತು ಅಂತ ಬೂದು ಬಣ್ಣಕ್ಕೆ ಇಳೀಬೇಡಿ.
ಮುಖಕ್ಕೆ ಕಳೆ ಕೊಡೋ ಬಣ್ಣ ಆರಿಸಿ.

ದುಡ್ಡು ಕೊಡೋ ಮುಂಚೆ ಎರಡೇ ಮಾತು ಕೇಳಿ.
ಆಲ್ಟರ್ ಮಾಡಿ ಕೊಡ್ತೀರಾ?
ಸರಿ ಹೋಗದಿದ್ರೆ ಬದಲಾಯಿಸಿ ಕೊಡ್ತೀರಾ?
ಎರಡಕ್ಕೂ ಹೂಂ ಅಂದ್ರೆ,
ಆ ಅಂಗಡಿ ನಂಬರ್ ಫೋನಲ್ಲಿ ಸೇವ್ ಮಾಡ್ಕೊಳ್ಳಿ.