ಮದರ್‌ಬೋರ್ಡ್ ಹೋದರೆ ಮನೆಯೇ ಮುಳುಗಿತೆ?

ಮಿಕ್ಸರ್ ಕೆಟ್ಟರೆ ನಾವು ಜಾರುಗಳನ್ನು ಮನೆಯಲ್ಲೇ ಇಟ್ಟುಕೊಂಡು ಮೋಟಾರು ಮಾತ್ರ ರಿಪೇರಿಗೆ ಕೊಡುತ್ತೇವೆ. ಕಂಪ್ಯೂಟರ್ ಕೆಟ್ಟಾಗ ಮಾತ್ರ ಇಡೀ ಡಬ್ಬಿಯನ್ನೇ ಹೊತ್ತೊಯ್ದು, "ಹ್ಯಾಂಗರ ಮಾಡಿ ಚಾಲೂ ಮಾಡಿ ಕೊಡಪಾ" ಎಂದು ಅಂಗಡಿಯಲ್ಲಿಟ್ಟು ಬಂದುಬಿಡುತ್ತೇವೆ.

ನಮ್ಮ ಕೊಡ್ಲಿಯಲ್ಲಿ ರೊಟ್ಟಿ ಮಾಡಿ ಮಾರುವ ನೆರೆಮನೆಯಾಕೆಗೆ ಇದೇ ಪ್ರಸಂಗ ಬಂತು. "ಅಕ್ಕಾರ, ಮದರ್‌ಬೋರ್ಡ್ ಹೋಗ್ಯದ. ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹೊಸದಾಗಿ ಹಾಕಬೇಕಾಗ್ತದ್ರಿ" ಎಂದ ಅಂಗಡಿಯ ಹುಡುಗ. ಅದರೊಳಗೆ 'ನುಡಿ'ಯಲ್ಲಿ ಬರೆದಿಟ್ಟ ಮೂರು ವರ್ಷದ ಉದ್ರಿ ಲೆಕ್ಕವಿತ್ತು, ತೀರಿಕೊಂಡ ಮಾವನವರ ಫೋಟೋಗಳಿದ್ದವು. ಆಕೆ ಗಟ್ಟಿಗಿತ್ತಿ. "ತಮ್ಮಾ, ಬೋರ್ಡ್ ಬದಲಿ ಮಾಡು, ಡಿಸ್ಕ್ ಮುಟ್ಟಬ್ಯಾಡ" ಅಂದಳು. ಮರುದಿನ ಹಳೆಯ ವಿಂಡೋಸೇ ಎದ್ದು ಕೂತಿತು!

ಇದರಲ್ಲಿ ಮಾಯವೇನೂ ಇಲ್ಲ. ಮದರ್‌ಬೋರ್ಡ್ ಎಂದರೆ ಎಲ್ಲ ಭಾಗಗಳನ್ನೂ ಜೋಡಿಸುವ ಹಲಗೆ. ವಿಂಡೋಸ್, ಲೆಕ್ಕ, ಫೋಟೋ ಎಲ್ಲವೂ ಇರುವುದು ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಬೇರೆ ಜಾತಿಯ ಬೋರ್ಡಿಗೆ ಡಿಸ್ಕ್ ಜೋಡಿಸಿದರೆ ನೀಲಿ ಪರದೆ ಬಂದು ನಿಂತುಬಿಡುತ್ತಿತ್ತು. ಫಾರ್ಮ್ಯಾಟ್ ಮಾಡುವ ರೂಢಿ ಆಗಿನದು. ವಿಂಡೋಸ್ 10, 11 ಹಾಗಲ್ಲ, ಹೊಸ ಬೋರ್ಡನ್ನು ಬಹುಮಟ್ಟಿಗೆ ತಾವೇ ಗುರುತಿಸಿಕೊಳ್ಳುತ್ತವೆ. ಆದರೂ ನೀಲಿ ಪರದೆ ಬಂದರೆ, ಬಯೋಸ್‌ನಲ್ಲಿ ಡಿಸ್ಕಿನ ಸೆಟ್ಟಿಂಗ್ ಹಳೆಯ ಬೋರ್ಡಿನಲ್ಲಿದ್ದಂತೆಯೇ ಇದೆಯೇ ನೋಡಲು ಹೇಳಿರಿ.

ಬೋರ್ಡೇ ಹೋಗಿದೆಯೆಂದು ಮೊದಲು ಖಾತ್ರಿಯಾಗಬೇಕು. ವಾಡಿ, ಸೇಡಂ, ಶಹಾಬಾದ್ ಕಡೆ ಸಿಮೆಂಟಿನದೂ ಪರಸಿ ಕಲ್ಲಿನದೂ ಧೂಳು ಕೇಳಬೇಕೆ! ರ‍್ಯಾಮ್ ತೆಗೆದು ಒರೆಸಿ ಕೂಡಿಸಿದರೆ ಸಾಕಾಗುವುದುಂಟು. ಕರೆಂಟು ಏರಿಳಿದು ಎಸ್‌ಎಂಪಿಎಸ್ ಸುಟ್ಟಿರಬಹುದು. ತಾರೀಖು ದಿನಾ ಹಿಂದಕ್ಕೆ ಹೋಗುತ್ತಿದ್ದರೆ ನಾಣ್ಯದಂಥ 3 ವೋಲ್ಟಿನ ಸಿಆರ್2032 ಸೆಲ್ ಬದಲಿಸಿ ನೋಡಿರಿ. ಬೋರ್ಡಿನ ಮೇಲಿನ ಪುಟ್ಟ ಕೆಪ್ಯಾಸಿಟರ್‌ಗಳ ತಲೆ ಪೂರಿಯಂತೆ ಉಬ್ಬಿದ್ದರೆ ಮಾತ್ರ ಅನುಮಾನ ಬಲವಾಗುತ್ತದೆ.

ಬೋರ್ಡ್ ಬದಲಿಸುವುದೇ ಎಂದಾದರೆ, ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿ ಮುಖ್ಯವಾದದ್ದನ್ನೆಲ್ಲ ನಕಲು ಮಾಡಿಸಿಕೊಳ್ಳಿರಿ. ಇದಕ್ಕೆ ಜಿಪುಣತನ ಬೇಡ.

ಇನ್ನೊಂದು ಮಾತನ್ನು ಅಂಗಡಿಯವರು ಹೇಳುವುದು ಅಪರೂಪ. ಈಚಿನ ಅನೇಕ ಯಂತ್ರಗಳಲ್ಲಿ 'ಬಿಟ್‌ಲಾಕರ್' ಎಂಬ ಬೀಗ ನಮಗೆ ತಿಳಿಯದಂತೆಯೇ ಬಿದ್ದಿರುತ್ತದೆ. ಅದರ ಕೀಲಿ ಹಳೆಯ ಬೋರ್ಡಿನ ಟಿಪಿಎಂ ಎಂಬ ಚಿಪ್‌ನಲ್ಲಿರುವುದರಿಂದ, ಹೊಸ ಬೋರ್ಡ್ ಹಾಕಿದೊಡನೆ 48 ಅಂಕಿಗಳ ಸಂಖ್ಯೆ ಕೇಳುತ್ತದೆ. ಆ ಸಂಖ್ಯೆ ಇಲ್ಲದಿದ್ದರೆ ಯಾರಿಂದಲೂ ತೆರೆಯಲಾಗದು. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊಬೈಲಿನಿಂದಲೇ ಒಳಹೊಕ್ಕು ಡೈರಿಯಲ್ಲಿ ಬರೆದಿಡಿರಿ. ಗಂಡಸರಿಗೆ ವಹಿಸಿದರೆ ಚೀಟಿ ಅಂಗಿಯ ಜೇಬಿನಲ್ಲೇ ಒಗೆದುಹೋದೀತು!

ಲೈಸೆನ್ಸಿನದು ಬೇರೆ ಕಥೆ. ಬಿಡಿಯಾಗಿ ಕೊಂಡ ವಿಂಡೋಸ್ ಹೊಸ ಬೋರ್ಡಿಗೂ ನಡೆಯುತ್ತದೆ. ಮೊದಲೇ ಖಾತೆಗೆ ಜೋಡಿಸಿದ್ದರೆ, ಸೆಟ್ಟಿಂಗ್ಸ್‌ನ ಆಕ್ಟಿವೇಶನ್ ಪುಟದಲ್ಲಿ 'ಟ್ರಬಲ್‌ಶೂಟ್' ಒತ್ತಿ, ಯಂತ್ರದ ಭಾಗ ಬದಲಿಸಿದ್ದೇನೆಂದು ತಿಳಿಸಬೇಕು. ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್ ಮಾತ್ರ ಆ ಬೋರ್ಡಿಗೇ ಕಟ್ಟುಬಿದ್ದದ್ದು. ಕಂಪನಿಯವರೇ ಕೆಟ್ಟ ಬೋರ್ಡನ್ನು ಬದಲಿಸಿಕೊಟ್ಟರೆ ತೊಂದರೆಯಿಲ್ಲ, ಇಲ್ಲವಾದರೆ ಹೊಸ ಲೈಸೆನ್ಸಿನ ಖರ್ಚು ಹಿಡಿಯಬೇಕು.

ಹಳೆಯ ಪ್ರೊಸೆಸರ್, ರ‍್ಯಾಮ್ ಎಲ್ಲ ಬೋರ್ಡಿಗೂ ಕೂಡುವುದಿಲ್ಲ. ಡಿಡಿಆರ್3 ರ‍್ಯಾಮ್ ಡಿಡಿಆರ್4 ಬೋರ್ಡಿನಲ್ಲಿ ಹಿಡಿಸದು. ಅವೂ ಹೊಸವು ಬೇಕೆಂದಾದರೆ ಒಟ್ಟು ಲೆಕ್ಕ ಕೇಳಿಯೇ ಹ್ಞೂಂ ಅನ್ನಿರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಕೊಳ್ಳುವ ಬೋರ್ಡ್ ವಿಂಡೋಸ್ 11ಕ್ಕೆ ಒಗ್ಗುವಂಥದ್ದಿರಲಿ.

ಮೊದಲ ಸಲ ಹಚ್ಚಿದಾಗ ಯಂತ್ರ ಒಂದೆರಡು ಬಾರಿ ತಾನೇ ಆರಿ ಹತ್ತಬಹುದು, ಗಾಬರಿಯಾಗಬೇಡಿರಿ. ಇಂಟರ್‌ನೆಟ್ ಬಾರದಿದ್ದರೆ ಹೊಸ ಬೋರ್ಡಿನ ಡ್ರೈವರ್‌ಗಳನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿಸಿರಿ. ದುಡ್ಡು ಎಣಿಸುವ ಮುಂಚೆ ಅಂಗಡಿಯಲ್ಲೇ ಕೂತು 'ನುಡಿ'ಯ ಒಂದು ಕಾಗದ, ಎರಡು ಫೋಟೋ ತೆರೆದು ನೋಡಿಕೊಳ್ಳಿರಿ.