ಕುತ್ತಿಗೆಯ ನೆಟಿಗೆ ತೆಗೆಸುವ ಮುನ್ನ...

ಕ್ಷೌರ ಮುಗಿದ ಮೇಲೆ ಗದ್ದ ಹಿಡಿಸಿ, ಕುತ್ತಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಫಟ್ಟನೆ ತಿರುಗಿಸಿ ನೆಟಿಗೆ ತೆಗೆಸಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಕ್ಷಣಕಾಲ ಹಾಯೆನಿಸುವುದು ನಿಜ. ಆದರೆ ಕುತ್ತಿಗೆಯ ರಚನೆಯನ್ನು ಅರಿತರೆ ಈ ಸುಖ ಎಷ್ಟು ಅಪಾಯಕಾರಿ ಎಂಬುದು ತಿಳಿಯುತ್ತದೆ.

ರಚನೆ ಹೇಗಿದೆ?

ಸುಮಾರು 5 ಕಿಲೋ ತೂಕದ ತಲೆಯನ್ನು ಹೊತ್ತಿರುವುದು ಕುತ್ತಿಗೆಯ 7 ಕಶೇರು ಮಣಿಗಳು. ಮೊದಲನೆಯದು ಉಂಗುರದಂತಿದ್ದು ತಲೆಬುರುಡೆಗೆ ಆಸರೆಯಾಗಿದೆ. ನಾವು ಕತ್ತು ಹೊರಳಿಸುವಾಗ ಸರಿಸುಮಾರು ಅರ್ಧದಷ್ಟು ಚಲನೆ ನಡೆಯುವುದು ಮೊದಲೆರಡು ಮಣಿಗಳ ನಡುವೆಯೇ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಧಮನಿಗಳು ಈ ಮಣಿಗಳ ಪಕ್ಕದ ರಂಧ್ರಗಳ ಮೂಲಕವೇ ಸಾಗುತ್ತವೆ. ಕತ್ತನ್ನು ಜೋರಾಗಿ ತಿರುಚಿದಾಗ ಧಮನಿಯ ಒಳಪದರ ಸೀಳಬಹುದು. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳು ಸೇರಿದರೆ ಪಾರ್ಶ್ವವಾಯು! ಇದು ಅಪರೂಪ, ಆದರೆ ಯುವಕರಿಗೂ ತಪ್ಪಿದ್ದಲ್ಲ.

ಕೈರೋಪ್ರಾಕ್ಟಿಕ್ ಎಂದರೇನು?

ಕೈಯಿಂದಲೇ ಬೆನ್ನುಮೂಳೆಯ ಕೀಲುಗಳನ್ನು ಒತ್ತಿ, ಸರಿಸಿ ಮಾಡುವ ಚಿಕಿತ್ಸೆ ಇದು. ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬಾತ 1895ರಲ್ಲಿ ಇದನ್ನು ಆರಂಭಿಸಿದ. ಬಹುತೇಕ ಎಲ್ಲ ರೋಗಗಳಿಗೂ ಬೆನ್ನುಮೂಳೆಯೇ ಮೂಲವೆಂಬ ಅವನ ವಾದಕ್ಕೆ ಆಧಾರವಿಲ್ಲ. ಆದರೆ ಸಾಮಾನ್ಯ ಕುತ್ತಿಗೆ ನೋವಿಗೆ ತರಬೇತಿ ಪಡೆದವರ ಕೈಚಿಕಿತ್ಸೆಯಿಂದ ಕೆಲವರಿಗೆ ಉಪಶಮನ ದೊರೆಯುತ್ತದೆ. 272 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಈ ಚಿಕಿತ್ಸೆ ನೋವಿನ ಮಾತ್ರೆಗಿಂತ ಮೇಲೆನಿಸಿತು. ಕುತೂಹಲದ ಸಂಗತಿಯೆಂದರೆ, ಮನೆಯಲ್ಲೇ ಮಾಡಿದ ಸರಳ ವ್ಯಾಯಾಮವೂ ಹೆಚ್ಚುಕಡಿಮೆ ಅಷ್ಟೇ ಫಲ ನೀಡಿತು.

ಯಾರಿಗೆ ಸಲ್ಲದು?

ಮೂಳೆ ಸವಕಳಿ, ಸಂಧಿವಾತ, ಕ್ಯಾನ್ಸರ್ ಉಳ್ಳವರು, ಇತ್ತೀಚೆಗೆ ಬಿದ್ದು ಪೆಟ್ಟು ಮಾಡಿಕೊಂಡವರು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಕತ್ತು ತಿರುಚಿಸಿಕೊಳ್ಳಬಾರದು. ಕೈಕಾಲುಗಳಲ್ಲಿ ಜೋಮು, ನಿಶ್ಶಕ್ತಿ ಇದ್ದವರು ಮೊದಲು ವೈದ್ಯರನ್ನು ಕಾಣಬೇಕು.

ಮನೆಯಲ್ಲಿ ಏನು ಮಾಡಬಹುದು?

* ಅಂಗೈಯನ್ನು ಹಣೆಗೆ ಒತ್ತಿ, ತಲೆ ಅಲುಗದಂತೆ ಹಣೆಯಿಂದ ಕೈಯನ್ನು ತಳ್ಳಿ. 5 ಸೆಕೆಂಡು ಹಿಡಿದು ಬಿಡಿ. ಹೀಗೆಯೇ ತಲೆಯ ಹಿಂಭಾಗ ಮತ್ತು ಎರಡೂ ಪಕ್ಕಗಳಿಗೆ ಮಾಡಿ. ನೋವು ಹೆಚ್ಚಿದರೆ ನಿಲ್ಲಿಸಿ.
* ಎರಡು ಮೂರು ದಿಂಬು ಪೇರಿಸಿ ಮಲಗಬೇಡಿ. ಕತ್ತು ಬೆನ್ನಿನ ನೇರಕ್ಕೆ ಇರುವಷ್ಟು ಎತ್ತರ ಸಾಕು.
* ಮೊಬೈಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ.
* ಹಿಡಿದುಕೊಂಡ ಸ್ನಾಯುಗಳಿಗೆ 15 ನಿಮಿಷ ಬಿಸಿನೀರಿನ ಶಾಖ ಕೊಡಿ.

ಕತ್ತು ತಿರುಗಿಸಿದ ನಂತರ, ಅದೇ ದಿನವಾಗಲಿ ಕೆಲವು ದಿನಗಳ ಮೇಲಾಗಲಿ, ಹಿಂದೆಂದೂ ಕಾಣದ ತಲೆನೋವು, ತಲೆಸುತ್ತು, ಮಾತಿನ ತೊದಲು, ವಸ್ತುಗಳು ಎರಡೆರಡಾಗಿ ಕಾಣುವುದು, ನುಂಗಲು ಕಷ್ಟ, ನಡಿಗೆಯಲ್ಲಿ ಓಲಾಟ ಕಂಡುಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ತಕ್ಷಣ ಆಸ್ಪತ್ರೆಗೆ ಧಾವಿಸಿ. ಪಾರ್ಶ್ವವಾಯುವಿನ ಚಿಕಿತ್ಸೆಯಲ್ಲಿ ಪ್ರತಿ ನಿಮಿಷವೂ ಅಮೂಲ್ಯ.