ಮಕ್ಕಳ ಮನದಲ್ಲಿ ಆಶೆ–ನಿರಾಶೆಗಳು

ಸಂಸ್ಕೃತದ ‘ಆಶಾ’ ಶಬ್ದಕ್ಕೆ ಎರಡು ಅರ್ಥಗಳುಂಟು: ಒಂದು ಬಯಕೆ, ಇನ್ನೊಂದು ದಿಕ್ಕು. ಅಮರಕೋಶದ ದಿಗ್ವರ್ಗವನ್ನು ಬಾಯಿಪಾಠ ಮಾಡಿದವರಿಗೆ ಇದು ಹೊಸದಲ್ಲ. ಶರಣರು ತೊರೆಯಬೇಕೆಂದ ಆಶೆ ಪರಧನಕ್ಕೆ ಹಾತೊರೆಯುವ ಬಯಕೆ. ಮಗುವಿಗೆ ಬೇಕಾದ ಆಶೆ ಬೇರೆ. ತಾನು ಕೂಗಿದರೆ ಓಗೊಡುವವರು ಯಾವುದೋ ದಿಕ್ಕಿನಲ್ಲಿ ಇದ್ದಾರೆಂಬ ನಂಬುಗೆಯೇ ಅದು. ಆ ನಂಬುಗೆಯನ್ನು ಕಳೆದುಕೊಂಡ ಮಗು ನಿಜಾರ್ಥದಲ್ಲಿ ದಿಕ್ಕುಗೆಟ್ಟ ಮಗು.

ಇಂಥ ಮಕ್ಕಳ ಅಂತರಂಗವನ್ನು ಅರಿತು ಸಂತೈಸುವ ಮಾರ್ಗಗಳಲ್ಲಿ ಮನೋವಿಶ್ಲೇಷಣಾತ್ಮಕ ಚಿಕಿತ್ಸೆಯೂ ಒಂದು. ವಿಯೆನ್ನಾದ ಫ್ರಾಯ್ಡ್ ಮಹಾಶಯರು ಹಾಕಿಕೊಟ್ಟ ಈ ದಾರಿಯನ್ನು ಅವರ ಮಗಳು ಆನಾ ಫ್ರಾಯ್ಡ್ ಹಾಗೂ ಮೆಲನಿ ಕ್ಲೈನ್ 1920ರ ದಶಕದಲ್ಲಿ ಮಕ್ಕಳೆಡೆಗೆ ವಿಸ್ತರಿಸಿದರು. ಭಾರತದಲ್ಲಿ ಗಿರೀಂದ್ರಶೇಖರ ಬೋಸರು 1922ರಲ್ಲಿ ಕಲಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಮಗು ತನ್ನ ದುಃಖವನ್ನು ಮಾತಿನಲ್ಲಿ ಹೇಳಲಾರದು, ಆಟದಲ್ಲಿ ಹೇಳೀತು. ಆದುದರಿಂದ ಚಿಕಿತ್ಸಕರು ಗೊಂಬೆ, ಗಾಡಿ, ಕಾಗದ, ಬಣ್ಣಗಳನ್ನು ಮುಂದಿರಿಸಿ, ಮಗು ಆಡುವ ಬಗೆಯನ್ನು ಗಮನಿಸುತ್ತಾರೆ. ಪ್ರತಿಸಲವೂ ಅದೇ ಕೋಣೆ, ಅದೇ ವೇಳೆ, ಅದೇ ವ್ಯಕ್ತಿ. ಈ ತಪ್ಪದ ನಿಯಮವೇ ಮೊದಲ ಔಷಧ.

ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ (1896–1971) ಈ ವಿಷಯದಲ್ಲಿ ಹೇಳಿದ ಮಾತು ಶಿಕ್ಷಕರೆಲ್ಲರೂ ಮನನ ಮಾಡತಕ್ಕದ್ದು. ಕದಿಯುವ ಮಗು ವಸ್ತುವನ್ನಲ್ಲ, ಒಮ್ಮೆ ತನಗಿದ್ದು ಕಳೆದುಹೋದ ವಾತ್ಸಲ್ಯವನ್ನು ಹುಡುಕುತ್ತದೆಂದು ಅವರು ಕಂಡರು. ಹುಡುಕುವವನಲ್ಲಿ ಆಶೆ ಇದ್ದೇ ಇದೆ. ಅಂದಮೇಲೆ ಮಗುವಿನ ತುಂಟತನವೂ ಒಂದು ಕರೆಯೇ.

ಇದನ್ನು ನಾನು ತಡವಾಗಿ ಅರಿತೆನು. ಹಿಂದೆ ನಾನಿದ್ದ ಒಂದು ಪ್ರಸಾದನಿಲಯದಲ್ಲಿ ತಾಯಿಯನ್ನು ಕಳೆದುಕೊಂಡ ಬಾಲಕನೊಬ್ಬನು ಗೆಳೆಯರ ಲೇಖನಿಗಳನ್ನು ಕದಿಯುತ್ತಿದ್ದನು. ಒಂದರಿಂದಲೂ ಅವನು ಬರೆದವನಲ್ಲ. ನಾನು ಬೆತ್ತವೆತ್ತಿದೆನು. ಕಳವು ನಿಂತಿತು, ಅದರೊಡನೆ ಅವನ ಆಟ, ನಗು, ಪ್ರಶ್ನೆಗಳೂ ನಿಂತವು. ‘ಹುಡುಗ ಸುಧಾರಿಸಿದ’ ಎಂದು ನಾವೆಲ್ಲ ಹಿಗ್ಗಿದೆವು. ಅವನು ಸುಧಾರಿಸಿರಲಿಲ್ಲ, ಹುಡುಕುವುದನ್ನು ಬಿಟ್ಟಿದ್ದನು.

ರನ್ನ ಬೆಳಗಲಿಯ ಹೆಸರಿನಲ್ಲೇ ಇರುವ ಕವಿಚಕ್ರವರ್ತಿಯು ಗದಾಯುದ್ಧದಲ್ಲಿ ಇಂಥ ಮೌನವನ್ನು ಚಿತ್ರಿಸಿದ್ದಾನೆ. ತಮ್ಮಂದಿರನ್ನೂ ಕರ್ಣನನ್ನೂ ಕಳೆದುಕೊಂಡ ದುರ್ಯೋಧನನು ವೈಶಂಪಾಯನ ಸರೋವರದಲ್ಲಿ ಮುಳುಗಿ ಕುಳಿತನು. ಭೀಮನ ಗರ್ಜನೆಗೆ ಅವನು ಹೊರಬಂದನು. ಆದರೆ ನೊಂದ ಮಗು ಗರ್ಜನೆಗೆ ಹೊರಬಾರದು. ಇನ್ನೂ ಆಳಕ್ಕೆ ಇಳಿದೀತು. ಚಿಕಿತ್ಸಕನು ಮಾಡುವುದು ದಡದಲ್ಲಿ ಕಾಯುವ ಕೆಲಸ.

ಆ ಕಾಯುವಿಕೆ ಸುಲಭವಲ್ಲ. ಮಗು ಗೊಂಬೆಯನ್ನು ಮುರಿದೀತು, ತಿಂಗಳುಗಟ್ಟಲೆ ಬೆನ್ನು ತಿರುಗಿಸಿ ಕುಳಿತೀತು. ‘ನನ್ನಿಂದೇನೂ ಆಗದು’ ಎಂಬ ಭಾವ ಚಿಕಿತ್ಸಕನನ್ನೂ ಕವಿಯುತ್ತದೆ. ಬಲ್ಲವನು ಆಗ ತನ್ನೊಳಗನ್ನು ಪರೀಕ್ಷಿಸಿಕೊಳ್ಳುತ್ತಾನೆ: ಇದು ನನ್ನ ಸೋಲೇ, ಅಥವಾ ಮಗು ಹೊರಲಾರದೆ ನನಗೆ ಹೊರಿಸಿದ ನಿರಾಶೆಯೇ? ಆ ಭಾರವನ್ನು ಸೇಡಿಲ್ಲದೆ, ಪಲಾಯನವಿಲ್ಲದೆ ಹೊತ್ತರೆ, ತನ್ನ ದುಃಖಕ್ಕೆ ಅಂಜದ ಒಬ್ಬನಿದ್ದಾನೆಂದು ಮಗುವಿಗೆ ತಿಳಿಯುತ್ತದೆ. ‘ಎಲ್ಲ ಸರಿಹೋಗುತ್ತದೆ’ ಎಂಬ ಬರಿಯ ಸಾಂತ್ವನದಿಂದ ಇದು ಸಾಧ್ಯವಿಲ್ಲ. ನಿರಾಶೆಯನ್ನು ಕಂಡು ಒಪ್ಪಿಕೊಂಡ ಮೇಲೆಯೇ ಆಶೆ ಚಿಗುರುತ್ತದೆ.

ಶಿಕ್ಷಕರು ಚಿಕಿತ್ಸಕರಲ್ಲ, ಆಗಬೇಕಾಗಿಯೂ ಇಲ್ಲ. ತಪ್ಪನ್ನು ತಿದ್ದುವುದು ನಮ್ಮ ಧರ್ಮ. ಆದರೆ ತಿದ್ದುವ ಮುನ್ನ ‘ಇವನು ಏನನ್ನು ಹುಡುಕುತ್ತಿದ್ದಾನೆ?’ ಎಂದು ಕೇಳಿಕೊಳ್ಳಬಹುದು. ಗಲಾಟೆಯ ಹುಡುಗನೊಡನೆ, ಥಟ್ಟನೆ ಮೌನಿಯಾದ ಹುಡುಗನನ್ನೂ ಗಮನಿಸಬಹುದು. ನಮ್ಮ ಶಕ್ತಿಗೆ ಮೀರಿದಾಗ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗಳಿವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಹಸಿದು ಬಂದವನಿಗೆ ಅನ್ನವಿಕ್ಕುವುದು ಮಠದ ದಾಸೋಹ. ನೊಂದು ಬಂದ ಮಗುವಿನ ಕೂಗಿಗೆ ಓಗೊಡುವುದು ಶಾಲೆಯ ದಾಸೋಹವಾಗಲಿ.